ವೀರನಹೊಸಹಳ್ಳಿಯಲ್ಲಿ ಗಿಂಬಲ್: ಅಲುಗಾಟದ ಲೆಕ್ಕ, ಸಾಧನದ ಮಿತಿ

ಕೈಯಲ್ಲಿ ಹಿಡಿದ ಕ್ಯಾಮೆರಾದ ಅಲುಗಾಟವನ್ನು ಪುಟ್ಟ ಮೋಟರ್‌ಗಳ ನೆರವಿನಿಂದ ತಡೆದು, ನಡೆಯುತ್ತಲೇ ನಯವಾದ ವಿಡಿಯೊ ತೆಗೆಯಲು ಅನುವು ಮಾಡಿಕೊಡುವ ಗಿಂಬಲ್ ಎಂಬ ಸಾಧನವು ಮೊದಲು ದೊಡ್ಡ ಸಿನಿಮಾ ತಂಡಗಳ ಸ್ವತ್ತಾಗಿದ್ದು, ಈಗ ಮದುವೆ ಚಿತ್ರೀಕರಿಸುವವರ, ಸ್ಥಳೀಯ ವಾಹಿನಿಗಳ ವರದಿಗಾರರ ಮತ್ತು ಯೂಟ್ಯೂಬ್ ಚಾನೆಲ್ ನಡೆಸುವ ಯುವಕರ ಚೀಲಗಳನ್ನೂ ಸೇರಿದೆ. ಇದರ ಗುಣದೋಷಗಳನ್ನು ಒರೆಗೆ ಹಚ್ಚಲು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಗಿಂತ ತಕ್ಕ ಜಾಗ ಸುಲಭವಾಗಿ ಸಿಗದು. ನಾಗರಹೊಳೆ ಅರಣ್ಯದ ಹೆಬ್ಬಾಗಿಲಾದ ಈ ಊರಿನಿಂದ ಒಂದೆಡೆ ಪ್ರತಿವರ್ಷ ಮೈಸೂರು ದಸರಾದ ಆನೆಗಳ ಗಜಪಯಣ ಹೊರಡುತ್ತದೆ, ಇನ್ನೊಂದೆಡೆ ಪ್ರವಾಸಿಗರ ಸಫಾರಿ ವಾಹನಗಳು ಕಾಡಿನೊಳಗೆ ಹೋಗುತ್ತವೆ, ಸುತ್ತಲೂ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ತಂಬಾಕಿನ ಹೊಲ, ಜಾತ್ರೆ, ಬೆಟ್ಟ, ದೇಗುಲಗಳಿವೆ. ಮೆರವಣಿಗೆ, ಸಫಾರಿ, ಹಳ್ಳಿಯ ಬದುಕು ಎಂಬ ಈ ಮೂರು ಬಗೆಯ ಚಿತ್ರೀಕರಣಕ್ಕೂ ಒಂದೇ ಗಿಂಬಲ್ ಸಾಕೆಂದು ನಂಬಿ ಹಣ ಹಾಕುವವರು ಬಹಳ. ಆದರೆ ಕ್ಯಾಮೆರಾ ಅಲುಗುವ ಬಗೆ ಈ ಮೂರರಲ್ಲೂ ಬೇರೆಬೇರೆ. ಅದನ್ನು ಲೆಕ್ಕಹಾಕಿ ನೋಡಿದವರಿಗೆ ಮಾತ್ರ ಗಿಂಬಲ್ ಎಲ್ಲಿ ದುಡಿಯುತ್ತದೆ, ಎಲ್ಲಿ ಬರಿಯ ಹೊರೆಯಾಗುತ್ತದೆ ಎಂಬುದು ತಿಳಿಯುತ್ತದೆ.

ಅಲುಗಾಟದಲ್ಲಿ ಎರಡು ಬಗೆ

ಕ್ಯಾಮೆರಾ ಒಟ್ಟು ಆರು ಬಗೆಯಲ್ಲಿ ಅಲುಗಬಲ್ಲದು. ಅದು ಎಡಬಲಕ್ಕೆ ತಿರುಗಬಹುದು, ಮೂತಿಯನ್ನು ಮೇಲೆತ್ತಬಹುದು ಇಲ್ಲವೇ ತಗ್ಗಿಸಬಹುದು, ಒಂದು ಪಕ್ಕಕ್ಕೆ ವಾಲಬಹುದು. ಚಿತ್ರೀಕರಣದ ಪರಿಭಾಷೆಯಲ್ಲಿ ಕ್ರಮವಾಗಿ ಪ್ಯಾನ್, ಟಿಲ್ಟ್, ರೋಲ್ ಎನಿಸಿಕೊಳ್ಳುವ ಈ ಮೂರೂ ಕೋನದ ಬದಲಾವಣೆಗಳು. ಉಳಿದ ಮೂರು ಸ್ಥಾನದ ಬದಲಾವಣೆಗಳು: ಕ್ಯಾಮೆರಾ ನೋಡುತ್ತಿರುವ ದಿಕ್ಕು ಬದಲಾಗದೆಯೇ ಅದು ಇಡಿಯಾಗಿ ಮೇಲಕ್ಕೋ ಕೆಳಕ್ಕೋ, ಎಡಕ್ಕೋ ಬಲಕ್ಕೋ, ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಮೂರು ಅಕ್ಷದ ಗಿಂಬಲ್ ಸರಿಪಡಿಸುವುದು ಮೊದಲಿನ ಮೂರನ್ನು ಮಾತ್ರ. ನಡೆಯುವವನ ದೇಹ ಪ್ರತಿ ಹೆಜ್ಜೆಗೂ ನಾಲ್ಕೈದು ಸೆಂಟಿಮೀಟರ್ ಏರಿಳಿಯುವಾಗ ಅವನ ಕೈಯಲ್ಲಿರುವ ಗಿಂಬಲ್ಲೂ, ಅದರ ಮೇಲಿನ ಕ್ಯಾಮೆರಾವೂ ಅಷ್ಟೇ ಏರಿಳಿಯುತ್ತವೆ, ಮತ್ತು ಆ ಏರಿಳಿತವನ್ನು ತಡೆಯಬಲ್ಲ ಮೋಟರ್ ಯಾವುದೂ ಅದರಲ್ಲಿಲ್ಲ.

ಈ ಭೇದವನ್ನು ಅಂಕಿಗಳಲ್ಲಿ ಇಟ್ಟರೆ ವಿಷಯ ತಿಳಿಯಾಗುತ್ತದೆ. 36 ಮಿಲಿಮೀಟರ್ ಅಗಲದ ಸಂವೇದಕವುಳ್ಳ, ಅಂದರೆ ಫುಲ್‌ಫ್ರೇಮ್ ಎನ್ನಲಾಗುವ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ಹಾಕಿ 3,840 ಪಿಕ್ಸೆಲ್ ಅಗಲದ 4ಕೆ ವಿಡಿಯೊ ತೆಗೆಯುವಾಗ ಕ್ಯಾಮೆರಾ ಒಂದು ಡಿಗ್ರಿಯಷ್ಟು ತಿರುಗಿದರೆ ಚಿತ್ರವು ಸುಮಾರು 45 ಪಿಕ್ಸೆಲ್ ಜರುಗುತ್ತದೆ. ಅದೇ ಒಂದು ಡಿಗ್ರಿಗೆ 400 ಮಿ.ಮೀ. ಟೆಲಿ ಲೆನ್ಸ್‌ನಲ್ಲಿ ಚಿತ್ರವು ಸುಮಾರು 745 ಪಿಕ್ಸೆಲ್, ಎಂದರೆ ಚೌಕಟ್ಟಿನ ಐದನೆಯ ಒಂದು ಭಾಗದಷ್ಟು, ಹಾರಿಬೀಳುತ್ತದೆ. ಕೋನದ ಅಲುಗಾಟಕ್ಕೆ ವಸ್ತು ಎಷ್ಟು ದೂರದಲ್ಲಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಲೆನ್ಸ್‌ನ ಫೋಕಲ್ ಉದ್ದವೊಂದೇ ಬರುತ್ತದೆ. ಸ್ಥಾನದ ಅಲುಗಾಟಕ್ಕೆ ದೂರವೂ ಮುಖ್ಯ: ನಾಲ್ಕು ಸೆಂಟಿಮೀಟರ್ ಏರಿಳಿತವು 24 ಮಿ.ಮೀ. ಲೆನ್ಸ್‌ನಲ್ಲಿ ಎರಡು ಮೀಟರ್ ದೂರದ ಮುಖವನ್ನು ಸುಮಾರು 51 ಪಿಕ್ಸೆಲ್ ಕುಲುಕಿಸಿದರೆ, 40 ಮೀಟರ್ ದೂರದ ಮರವನ್ನು ಮೂರು ಪಿಕ್ಸೆಲ್‌ನಷ್ಟೂ ಕದಲಿಸುವುದಿಲ್ಲ. ಹೀಗಾಗಿ ದೂರದ ದೃಶ್ಯದಲ್ಲಿ ಗಿಂಬಲ್ ತಾನೊಂದೇ ನಯವನ್ನು ತಂದುಕೊಡುತ್ತದೆ; ಹತ್ತಿರದ ದೃಶ್ಯದಲ್ಲಿ ಅರ್ಧ ಕೆಲಸ ಅದನ್ನು ಹಿಡಿದವನ ಕಾಲುಗಳ ಪಾಲಿಗೆ ಉಳಿಯುತ್ತದೆ.

ಹಳೆಯ ತತ್ತ್ವ, ಹೊಸ ಮೋಟರ್

ಒಂದರೊಳಗೊಂದು ತಿರುಗುವ ಬಳೆಗಳ ನಡುವೆ ವಸ್ತುವೊಂದನ್ನು ತೂಗುಬಿಟ್ಟು, ಹೊರಗಿನ ಚೌಕಟ್ಟು ಎತ್ತ ವಾಲಿದರೂ ಒಳಗಿನದು ನೆಟ್ಟಗಿರುವಂತೆ ಮಾಡುವ ಉಪಾಯ ಬಹಳ ಹಳೆಯದು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಗ್ರೀಕ್ ತಂತ್ರಜ್ಞ ಬೈಜಾಂಟಿಯಮ್‌ನ ಫಿಲೋ ಹೀಗೆ ತೂಗುವ ಮಸಿಕುಡಿಕೆಯೊಂದನ್ನು ವಿವರಿಸಿದ್ದನೆಂದು ಹೇಳಲಾಗುತ್ತದೆ, ಮತ್ತು ಮುಂದೆ ಹಡಗುಗಳ ದಿಕ್ಸೂಚಿಯನ್ನು ಮಟ್ಟವಾಗಿ ಹಿಡಿದದ್ದೂ ಇದೇ ವಿನ್ಯಾಸ. ಸಿನಿಮಾದಲ್ಲಿ ದೊಡ್ಡ ತಿರುವು ಬಂದದ್ದು ಅಮೆರಿಕದ ಗ್ಯಾರೆಟ್ ಬ್ರೌನ್ ರೂಪಿಸಿದ ಸ್ಟೆಡಿಕ್ಯಾಮ್‌ನಿಂದ. 1976ರ ‘ಬೌಂಡ್ ಫಾರ್ ಗ್ಲೋರಿ’ ಚಿತ್ರದಲ್ಲಿ ಮೊದಲು ಬಳಕೆಯಾದ ಈ ಸಾಧನದಲ್ಲಿ ಮೋಟರ್ ಇರಲಿಲ್ಲ. ಭಾರವನ್ನು ಕಂಬವೊಂದರ ಎರಡು ತುದಿಗಳಿಗೆ ಹಂಚಿ ಕೋನದ ಅಲುಗಾಟವನ್ನು ನಿಧಾನಗೊಳಿಸಿದರೆ, ಆಪರೇಟರ್ ತೊಟ್ಟ ಅಂಗಿಗೆ ಜೋಡಿಸಿದ ಸ್ಪ್ರಿಂಗ್ ತೋಳು ಹೆಜ್ಜೆಯ ಏರಿಳಿತವನ್ನು ನುಂಗಿಕೊಳ್ಳುತ್ತಿತ್ತು. ಇಂದಿನ ಕೈಗಿಂಬಲ್ ಬಿಟ್ಟುಕೊಟ್ಟಿರುವುದು ಈ ಸ್ಪ್ರಿಂಗ್ ತೋಳನ್ನೇ. ಅದು ಹಗುರವಾಗಿ, ಅಗ್ಗವಾಗಿ, ಒಂದೇ ಕೈಯ ಹಿಡಿಗೆ ಬಂದದ್ದರ ಬೆಲೆ ಅದು.

ಸ್ಪ್ರಿಂಗ್ ತೋಳನ್ನು ಬಿಟ್ಟದ್ದಕ್ಕೆ ಪ್ರತಿಯಾಗಿ ಗಿಂಬಲ್‌ಗೆ ಮೂರು ಬ್ರಷ್‌ರಹಿತ ಮೋಟರ್‌ಗಳೂ ಅವುಗಳನ್ನು ಆಳುವ ಸಂವೇದಕಗಳೂ ದೊರೆತವು. ಜೈರೋಸ್ಕೋಪ್ ಎಂಬ ಸಂವೇದಕವು ಕ್ಯಾಮೆರಾ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಸೆಕೆಂಡಿಗೆ ನೂರಾರು ಬಾರಿ ಅಳೆಯುತ್ತದೆ. ಆಕ್ಸೆಲೆರೋಮೀಟರ್ ಭೂಮಿಯ ಸೆಳೆತ ಯಾವ ಕಡೆಗಿದೆ ಎಂಬುದನ್ನು ನೋಡಿ ‘ಕೆಳಗೆ’ ಎಂದರೆ ಎತ್ತ ಎಂದು ತೋರಿಸುತ್ತದೆ. ಎರಡನ್ನೂ ಸೇರಿಸಿ ಲೆಕ್ಕಹಾಕುವ ಚಿಪ್ ಪ್ರತಿ ಮೋಟರ್‌ಗೂ ಎಷ್ಟು ಬಲ ಕೊಟ್ಟರೆ ಅಲುಗಾಟ ರದ್ದಾಗುತ್ತದೆ ಎಂಬ ಆಜ್ಞೆಯನ್ನು ಕಳಿಸುತ್ತದೆ. ಟಿಲ್ಟ್ ಮತ್ತು ರೋಲ್‌ಗಳಿಗೆ ಭೂಮಿಯ ಸೆಳೆತವೇ ಸಾಕ್ಷಿ. ಪ್ಯಾನ್‌ಗೆ ಅಂಥ ಸಾಕ್ಷಿ ಇಲ್ಲದಿರುವುದರಿಂದ, ಬಹಳ ಹೊತ್ತು ಬಳಸಿದ ಗಿಂಬಲ್ ತಾನೇ ತಾನಾಗಿ ನಿಧಾನಕ್ಕೆ ಒಂದು ಪಕ್ಕಕ್ಕೆ ತಿರುಗುವ ‘ಡ್ರಿಫ್ಟ್’ ಎಂಬ ದೋಷ ಆ ಅಕ್ಷದಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಸಾಧನವನ್ನು ಕದಲದ ಮಟ್ಟವಾದ ಜಾಗದಲ್ಲಿಟ್ಟು ಮತ್ತೆ ಕ್ಯಾಲಿಬ್ರೇಟ್ ಮಾಡುವುದು, ಅಂದರೆ ಸಂವೇದಕಗಳಿಗೆ ನಿಶ್ಚಲತೆಯ ಅಳತೆಯನ್ನು ಹೊಸದಾಗಿ ಕೊಡುವುದು, ಇದಕ್ಕೆ ಪರಿಹಾರ. 2013ರಲ್ಲಿ ಫ್ರೀಫ್ಲೈ ಸಂಸ್ಥೆ ‘ಮೋವಿ’ಯನ್ನೂ, 2014ರಲ್ಲಿ ಚೀನಾದ ಶೆನ್‌ಜೆನ್ ನಗರದ ಡಿಜೆಐ ‘ರೋನಿನ್’ ಅನ್ನೂ ಹೊರತಂದ ಮೇಲೆ ಈ ತಂತ್ರ ಸಾಮಾನ್ಯ ಛಾಯಾಗ್ರಾಹಕರ ಕೈಗೆ ಎಟುಕತೊಡಗಿತು.

ಎರಡು ಕಿಲೋ ತೂಕದ ವರ್ಗ

ಗಿಂಬಲ್‌ಗಳ ಇಂದಿನ ಮಾರುಕಟ್ಟೆಯಲ್ಲಿ ಮೂರು ಅಂತಸ್ತುಗಳಿವೆ. ಮೊದಲನೆಯದು ಮೊಬೈಲ್ ಹಿಡಿಯುವ, ಮುನ್ನೂರು ಗ್ರಾಂ ಆಸುಪಾಸಿನ ಸಾಧನಗಳದು. ಡಿಜೆಐ ಓಸ್ಮೊ ಮೊಬೈಲ್ 6 ಅಂಥದ್ದು, ಅದಕ್ಕೆ 170ರಿಂದ 290 ಗ್ರಾಂ ತೂಕದ ಫೋನ್ ಹೊಂದುತ್ತದೆಯಾದ್ದರಿಂದ ದೊಡ್ಡ ಫೋನಿಗೆ ದಪ್ಪ ಕವರ್ ಹಾಗೂ ಹೆಚ್ಚುವರಿ ಲೆನ್ಸ್ ಅಂಟಿಸಿದವರು ಈ ಮಿತಿಯನ್ನು ಬೇಗನೆ ಮುಟ್ಟುತ್ತಾರೆ. ಎರಡನೆಯದು ಕ್ಯಾಮೆರಾ ಮತ್ತು ಗಿಂಬಲ್ ಒಂದೇ ಆಗಿರುವ ಸಾಧನಗಳದು. 2023ರ ಅಕ್ಟೋಬರ್‌ನಲ್ಲಿ ಬಂದ ಓಸ್ಮೊ ಪಾಕೆಟ್ 3 ಕೇವಲ 179 ಗ್ರಾಂ ತೂಗಿದರೂ ಒಂದು ಇಂಚಿನ ಸಂವೇದಕವನ್ನು ಹೊಂದಿದೆ. ಮೂರನೆಯದು ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾಗಳನ್ನು ಹೊರುವಂಥವು. ಈ ಮೂರನೆಯ ವರ್ಗದ ಪ್ರವೇಶದ ಮೆಟ್ಟಿಲು 2023ರ ಜನವರಿಯಲ್ಲಿ ಬಿಡುಗಡೆಯಾದ ಡಿಜೆಐ ಆರ್‌ಎಸ್ 3 ಮಿನಿ. ಸಣ್ಣ ಊರುಗಳ ಚಿತ್ರೀಕರಣದ ಅಗತ್ಯಗಳಿಗೆ ಇದೇ ಹೆಚ್ಚು ಹತ್ತಿರವಾಗಿರುವುದರಿಂದ ಇಲ್ಲಿನ ಪರಾಮರ್ಶೆಯೂ ಮುಖ್ಯವಾಗಿ ಅದನ್ನೇ ಕುರಿತದ್ದು.

ಆರ್‌ಎಸ್ 3 ಮಿನಿಯ ಸ್ವಂತ ತೂಕ ಸುಮಾರು 800 ಗ್ರಾಂ, ಅದು ಹೊರಬಲ್ಲ ಭಾರ ಎರಡು ಕಿಲೋಗ್ರಾಂ, ಒಮ್ಮೆ ಚಾರ್ಜ್ ಮಾಡಿದರೆ ತಯಾರಕರ ಲೆಕ್ಕದಲ್ಲಿ ಹತ್ತು ಗಂಟೆಗಳ ಕೆಲಸ. 658 ಗ್ರಾಂ ತೂಗುವ ಸೋನಿ ಎ7 ನಾಲ್ಕನೆಯ ಆವೃತ್ತಿಯ ಕ್ಯಾಮೆರಾಕ್ಕೆ 695 ಗ್ರಾಂನ 24–70 ಮಿ.ಮೀ. ಲೆನ್ಸ್ ಜೋಡಿಸಿದರೆ ಒಟ್ಟು 1,353 ಗ್ರಾಂ ಆಗುತ್ತದೆಯಾದ್ದರಿಂದ ಮದುವೆ, ಮೆರವಣಿಗೆಗಳ ಸಾಮಾನ್ಯ ಸಲಕರಣೆ ಇದರ ಮಿತಿಯೊಳಗೆ ಆರಾಮವಾಗಿ ಕೂರುತ್ತದೆ. ಕ್ಯಾಮೆರಾವನ್ನು ಉದ್ದುದ್ದ ನಿಲ್ಲಿಸಿ, ರೀಲ್ಸ್‌ಗೆ ಬೇಕಾದ ಲಂಬ ಚೌಕಟ್ಟಿನಲ್ಲಿ ಚಿತ್ರಿಸಲು ಬೇರೆ ಬಿಡಿಭಾಗ ಕೊಳ್ಳಬೇಕಾಗಿಲ್ಲ ಎಂಬುದು ಇದರ ದೊಡ್ಡ ಅನುಕೂಲ. ಕೊರತೆಗಳೂ ಸ್ಪಷ್ಟವಾಗಿವೆ. ಬ್ಯಾಟರಿ ಹಿಡಿಯೊಳಗೇ ಅಡಕವಾಗಿರುವುದರಿಂದ ಖಾಲಿಯಾದ ಮೇಲೆ ಇನ್ನೊಂದನ್ನು ಹಾಕಿ ಮುಂದುವರಿಯುವಂತಿಲ್ಲ; ಅಕ್ಷಗಳನ್ನು ಕೈಯಿಂದಲೇ ಬೀಗ ಹಾಕಿ ಮಡಚಬೇಕು. ಅಕ್ಷಗಳು ತಾವಾಗಿ ಬೀಗ ಹಾಕಿಕೊಳ್ಳುವ ವ್ಯವಸ್ಥೆಯೂ ಸುಮಾರು 13 ಗಂಟೆಗಳ ಬ್ಯಾಟರಿಯೂ ಬೇಕೆನ್ನುವವರಿಗೆ 2025ರ ಫೆಬ್ರುವರಿಯಲ್ಲಿ ಬಂದ ಆರ್‌ಎಸ್ 4 ಮಿನಿ ಇದೆ; ಮೂರು ಕಿಲೋ ಹೊರೆ ಮತ್ತು ಕಳಚಬಹುದಾದ ಬ್ಯಾಟರಿ ಹಿಡಿ ಬೇಕೆನ್ನುವವರು 2024ರ ಆರ್‌ಎಸ್ 4ರ ಕಡೆ ನೋಡಬೇಕು. ಯಾವುದನ್ನು ಆರಿಸಿದರೂ, ಗಿಂಬಲ್, ಕ್ಯಾಮೆರಾ, ಲೆನ್ಸ್ ಮೂರೂ ಸೇರಿ ಎರಡು ಕಿಲೋಗಿಂತ ಹೆಚ್ಚಿನ ಭಾರವನ್ನು ಮೈಯಿಂದ ದೂರ ಚಾಚಿದ ಕೈಯಲ್ಲಿ ಗಂಟೆಗಟ್ಟಲೆ ಹಿಡಿಯಬೇಕಾಗುತ್ತದೆ ಎಂಬುದನ್ನು ಅಂಗಡಿಯಲ್ಲಿ ಐದು ನಿಮಿಷ ಎತ್ತಿನೋಡಿದವರು ಮರೆಯುತ್ತಾರೆ.

ಈ ಸಾಧನದ ಯೋಗ್ಯತೆಯ ಬಹುಪಾಲು ತೀರ್ಮಾನವಾಗುವುದು ಸ್ವಿಚ್ ಒತ್ತುವ ಮೊದಲೇ, ಬ್ಯಾಲೆನ್ಸ್ ಮಾಡುವ ಹಂತದಲ್ಲಿ. ಬ್ಯಾಲೆನ್ಸ್ ಎಂದರೆ ಕ್ಯಾಮೆರಾ ಮತ್ತು ಲೆನ್ಸ್‌ನ ಒಟ್ಟು ಭಾರದ ಕೇಂದ್ರವು ಮೂರೂ ಅಕ್ಷಗಳ ಮೇಲೆ ಸರಿಯಾಗಿ ಬರುವಂತೆ ತಟ್ಟೆಯನ್ನೂ ತೋಳುಗಳನ್ನೂ ಹಿಂದೆಮುಂದೆ ಸರಿಸುವುದು. ಮೊದಲು ಟಿಲ್ಟ್, ಅನಂತರ ರೋಲ್, ಕೊನೆಗೆ ಪ್ಯಾನ್ ಎಂಬ ಕ್ರಮದಲ್ಲಿ ಸಾಗಿ, ಮೋಟರ್ ಆರಿರುವಾಗಲೂ ಕ್ಯಾಮೆರಾವನ್ನು ಯಾವ ಕೋನಕ್ಕೆ ತಿರುಗಿಸಿ ಬಿಟ್ಟರೂ ಅಲ್ಲೇ ನಿಂತರೆ ಕೆಲಸ ಸರಿಯಾಯಿತು ಎಂದರ್ಥ. ಇದನ್ನು ಅವಸರದಲ್ಲಿ ಮುಗಿಸಿದರೆ ಅಲುಗಾಟ ತಡೆಯಲು ಇರುವ ಬಲವನ್ನು ಮೋಟರ್‌ಗಳು ವಾಲಿದ ಕ್ಯಾಮೆರಾವನ್ನು ಎತ್ತಿಹಿಡಿಯುವುದಕ್ಕೇ ಸುರಿಯುತ್ತವೆ, ಬಿಸಿಯಾಗುತ್ತವೆ, ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತವೆ, ಸಣ್ಣ ಕಂಪನವನ್ನು ತಾವೇ ಹುಟ್ಟಿಸಿ ಚಿತ್ರಕ್ಕೆ ದಾಟಿಸುತ್ತವೆ. ಜೂಮ್ ಮಾಡಿದಾಗ ಮೂತಿ ಹೊರಚಾಚುವ ಲೆನ್ಸ್‌ಗಳಲ್ಲಿ ಭಾರದ ಕೇಂದ್ರವೂ ಮುಂದೆ ಸರಿಯುವುದರಿಂದ, ಯಾವ ಜೂಮ್ ಹೆಚ್ಚು ಬಳಕೆಯಾಗುವುದೋ ಅಲ್ಲಿಟ್ಟು ಬ್ಯಾಲೆನ್ಸ್ ಮಾಡುವುದು ಇಲ್ಲವೇ ಉದ್ದ ಬದಲಾಗದ ಲೆನ್ಸ್ ಬಳಸುವುದು ಅನುಭವಿಗಳ ರೂಢಿ.

ಗಜಪಯಣದ ಎದುರು

ದಸರಾ ಮೆರವಣಿಗೆಗೆ ಆಯ್ಕೆಯಾದ ಆನೆಗಳ ಮೊದಲ ತಂಡಕ್ಕೆ ವೀರನಹೊಸಹಳ್ಳಿಯಲ್ಲಿ ಪೂಜೆ ಸಲ್ಲಿಸಿ ಮೈಸೂರಿಗೆ ಬೀಳ್ಕೊಡುವ ಗಜಪಯಣವು 2022ರಲ್ಲಿ ಆಗಸ್ಟ್ 7ರಂದು, 2023ರಲ್ಲಿ ಸೆಪ್ಟೆಂಬರ್ 1ರಂದು, 2024ರಲ್ಲಿ ಆಗಸ್ಟ್ 21ರಂದು, 2025ರಲ್ಲಿ ಆಗಸ್ಟ್ 4ರಂದು ನಡೆಯಿತು. ಹಿಂದೆ ಕಾಲ್ನಡಿಗೆಯಲ್ಲೇ ಸಾಗುತ್ತಿದ್ದ ಆನೆಗಳು ಈಗ ಇಲ್ಲಿನ ಸಮಾರಂಭ ಮುಗಿದ ಬಳಿಕ ಲಾರಿಗಳಲ್ಲಿ ಮೈಸೂರಿನ ಅರಣ್ಯ ಭವನ ತಲುಪಿ, ಅಲ್ಲಿಂದ ಅರಮನೆ ಪ್ರವೇಶಿಸುತ್ತವೆ. ಚಿತ್ರೀಕರಿಸುವವನ ಕಣ್ಣಿನಿಂದ ನೋಡಿದರೆ ಇದು ಗಿಂಬಲ್‌ಗೆಂದೇ ಒದಗಿಬಂದ ಸಂದರ್ಭ: ಆನೆಗಳು ಮೆಲ್ಲನೆ ನಡೆಯುತ್ತವೆ, ಮಾವುತರು ಮತ್ತು ಕಾವಾಡಿಗಳು ಜೊತೆಗಿರುತ್ತಾರೆ, ಕಲಾತಂಡಗಳು ಮುಂದೆ ಸಾಗುತ್ತವೆ, ಜನರ ನಡುವೆ ಟ್ರೈಪಾಡ್ ಊರಲು ಜಾಗವಿರುವುದಿಲ್ಲ, ಮತ್ತು ಇಡೀ ದೃಶ್ಯದ ಜೀವಾಳ ಇರುವುದು ಚಲನೆಯಲ್ಲೇ.

ಇಲ್ಲಿ ಲೆನ್ಸ್‌ನ ಆಯ್ಕೆಗೂ ಸುರಕ್ಷತೆಗೂ ನೇರ ನಂಟಿದೆ. ಭುಜದವರೆಗೆ ಎರಡೂಮುಕ್ಕಾಲು ಮೀಟರ್ ಎತ್ತರದ ಗಂಡಾನೆಯ ಮೇಲೆ ಮಾವುತ ಕುಳಿತರೆ ಒಟ್ಟು ಎತ್ತರ ಸುಮಾರು ನಾಲ್ಕು ಮೀಟರ್ ಆಗುತ್ತದೆ. ಅಷ್ಟನ್ನೂ ಅಡ್ಡ ಚೌಕಟ್ಟಿನಲ್ಲಿ ತುಂಬಿಸಲು 24 ಮಿ.ಮೀ. ಲೆನ್ಸ್ ಹಿಡಿದವನು ಆನೆಯಿಂದ ಐದು ಮೀಟರಿಗಿಂತ ಕಡಿಮೆ ದೂರದಲ್ಲಿ ನಿಲ್ಲಬೇಕು, 50 ಮಿ.ಮೀ. ಹಿಡಿದವನು ಸುಮಾರು ಹತ್ತು ಮೀಟರ್ ದೂರದಲ್ಲಿ ನಿಂತರೆ ಸಾಕು. ಅಗಲ ಲೆನ್ಸ್‌ನಲ್ಲಿ ಅಲುಗಾಟ ಕಡಿಮೆ ಎಂಬ ನಂಬಿಕೆಯಿಂದ ಹಲವರು ಆನೆಯ ಬಳಿಗೇ ಸರಿಯುತ್ತಾರೆ. ಆದರೆ ಚೌಕಟ್ಟಿನಲ್ಲಿ ಆನೆಯ ಗಾತ್ರ ಒಂದೇ ಆಗಿರುವವರೆಗೆ ಹೆಜ್ಜೆಯ ಏರಿಳಿತದಿಂದ ಅದರ ಚಿತ್ರ ಕುಲುಕುವ ಪ್ರಮಾಣವೂ ಎರಡು ಲೆನ್ಸ್‌ಗಳಲ್ಲಿ ಒಂದೇ. ಉದ್ದ ಲೆನ್ಸ್‌ನಲ್ಲಿ ಹೆಚ್ಚಾಗುವುದು ಕೋನದ ಅಲುಗಾಟ ಮಾತ್ರ, ಅದನ್ನು ಗಿಂಬಲ್ ನೋಡಿಕೊಳ್ಳುತ್ತದೆ. ಆದ್ದರಿಂದ ಗಿಂಬಲ್ ಇದ್ದವನಿಗೆ ದೂರ ನಿಲ್ಲುವುದರಿಂದ ಚಿತ್ರದ ದೃಷ್ಟಿಯಲ್ಲಿ ನಷ್ಟವೇನೂ ಇಲ್ಲ, ಆನೆಗೂ ಮಾವುತನಿಗೂ ಅವನಿಂದಾಗುವ ಕಿರುಕುಳ ಮಾತ್ರ ಕಡಿಮೆಯಾಗುತ್ತದೆ.

ಮೆರವಣಿಗೆಯಲ್ಲಿ ಬಳಸಬೇಕಾದ ಮೋಡ್, ಅಂದರೆ ಹಿಡಿದವನ ಯಾವ ಚಲನೆಯನ್ನು ಉದ್ದೇಶವೆಂದೂ ಯಾವುದನ್ನು ದೋಷವೆಂದೂ ಗಿಂಬಲ್ ಎಣಿಸಬೇಕು ಎಂಬ ಆಯ್ಕೆ, ಫಲಿತಾಂಶವನ್ನೇ ಬದಲಿಸಬಲ್ಲದು. ಪ್ಯಾನ್ ಫಾಲೋ ಮೋಡ್‌ನಲ್ಲಿ ಕೈ ಎಡಬಲಕ್ಕೆ ತಿರುಗಿದರೆ ಮಾತ್ರ ಕ್ಯಾಮೆರಾ ನಿಧಾನವಾಗಿ ಹಿಂಬಾಲಿಸುತ್ತದೆ, ಮೇಲೆಕೆಳಗಿನ ಕೋನ ಕಟ್ಟಿಟ್ಟಂತೆ ಇರುತ್ತದೆ. ಸಾಲಾಗಿ ಬರುವ ಆನೆಗಳ ಪಕ್ಕದಲ್ಲಿ ನಡೆಯುವವನಿಗೆ ಇದು ತಕ್ಕದ್ದು. ಪ್ಯಾನ್ ಟಿಲ್ಟ್ ಫಾಲೋ ಮೋಡ್ ಮೇಲಿನ ಕೋನವನ್ನೂ ಹಿಂಬಾಲಿಸುವುದರಿಂದ ಕಾಲಿನ ಸರಪಳಿಯಿಂದ ಹಣೆಯ ಬಣ್ಣದ ಚಿತ್ತಾರದವರೆಗೆ ನೋಟವನ್ನು ಏರಿಸಲು ಒದಗುತ್ತದೆ. ಮೂರೂ ಅಕ್ಷಗಳು ಕೈಯನ್ನು ಅನುಸರಿಸುವ ಎಫ್‌ಪಿವಿ ಮೋಡ್‌ನಲ್ಲಿ ದಿಗಂತವೇ ಓರೆಯಾಗುವುದರಿಂದ ಕುಣಿತದ ಅಬ್ಬರಕ್ಕೆ ಒಂದೆರಡು ಕ್ಷಣ ಸರಿಹೊಂದಬಹುದಾದರೂ ಗಜಪಯಣದ ಗಾಂಭೀರ್ಯಕ್ಕೆ ಅದು ಒಗ್ಗುವುದಿಲ್ಲ. ಇದೆಲ್ಲದರ ಜೊತೆಗೆ ಆಗಸ್ಟ್ ಎಂದರೆ ಕಾಡಂಚಿನಲ್ಲಿ ಇನ್ನೂ ಮಳೆಗಾಲ. ಮಿರರ್‌ಲೆಸ್ ಕ್ಯಾಮೆರಾ ಹೊರುವ ಈ ವರ್ಗದ ಗಿಂಬಲ್‌ಗಳು ನೀರಿಗೆ ಒಡ್ಡಿಕೊಳ್ಳಲು ಮಾಡಿದವಲ್ಲ. ತೋಳುಗಳ ತಿರುಗುವಿಕೆಗೆ ತಗುಲದಂತೆ ಹೊದಿಸಿದ ಮಳೆಕವಚ ಇಲ್ಲದೆ ತುಂತುರಿನಲ್ಲಿ ನಿಂತರೆ ಮೋಟರ್‌ನ ಸಂದಿಗೂ ಚಾರ್ಜಿಂಗ್ ರಂಧ್ರಕ್ಕೂ ತೇವ ಇಳಿಯುತ್ತದೆ, ಕವಚವನ್ನೇ ಬಿಗಿಯಾಗಿ ಸುತ್ತಿದರೆ ಮೋಟರ್ ಅದರೊಂದಿಗೆ ಗುದ್ದಾಡಿ ಸೋಲುತ್ತದೆ.

ಸಫಾರಿಯಲ್ಲಿ ಬೇರೆ ಲೆಕ್ಕ

ಅದೇ ಊರಿನಿಂದ ಹೊರಡುವ ಸಫಾರಿ ವಾಹನವನ್ನು ಹತ್ತಿದ ಕೂಡಲೇ ಈ ಸಮೀಕರಣ ತಲೆಕೆಳಗಾಗುತ್ತದೆ. ದೂರದ ಹುಲಿಯನ್ನೋ ಕಾಟಿಯನ್ನೋ ಚಿತ್ರಿಸಲು ಉದ್ದ ಟೆಲಿ ಲೆನ್ಸ್ ಬೇಕು, ಮತ್ತು ಅಂಥ ಲೆನ್ಸ್‌ನಲ್ಲೇ ಕೋನದ ಅಲುಗಾಟ ಅತಿ ಹೆಚ್ಚು ಕಾಣಿಸುವುದರಿಂದ ಗಿಂಬಲ್‌ನ ಅಗತ್ಯವೂ ಇಲ್ಲೇ ಹೆಚ್ಚೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ 1,395 ಗ್ರಾಂನ ಸೋನಿ 100–400 ಮಿ.ಮೀ. ಲೆನ್ಸ್ ಮತ್ತು ಮೇಲೆ ಹೇಳಿದ ಕ್ಯಾಮೆರಾ ಸೇರಿದರೆ ತೂಕ 2,053 ಗ್ರಾಂ ಆಗಿ ಎರಡು ಕಿಲೋ ಮಿತಿಯನ್ನು ದಾಟುತ್ತದೆ; ಉದ್ದದ ಮೂತಿಯಿಂದಾಗಿ ಬ್ಯಾಲೆನ್ಸ್ ಮಾಡುವುದೂ ಕಷ್ಟ. ದೊಡ್ಡ ಗಿಂಬಲ್ ಹಿಡಿದರೂ, ಮೋಟರ್‌ಗಳ ಕೈಮೀರಿ 0.02 ಡಿಗ್ರಿಯಷ್ಟು ಅಲುಗಾಟ ಉಳಿಯಿತೆಂದು ಎಣಿಸಿದರೆ, 24 ಮಿ.ಮೀ.ನಲ್ಲಿ ಒಂದು ಪಿಕ್ಸೆಲ್‌ಗೂ ಸಾಲದ ಆ ಉಳಿಕೆಯೇ 400 ಮಿ.ಮೀ.ನಲ್ಲಿ ಸುಮಾರು 15 ಪಿಕ್ಸೆಲ್‌ನ ನಡುಕವಾಗಿ ಎದ್ದು ಕಾಣುತ್ತದೆ. ಇದಕ್ಕೆ ಗುಂಡಿಯಲ್ಲಿ ಹಾಯುವ ವಾಹನದ ಎತ್ತಾಟವನ್ನೂ ಇಕ್ಕಟ್ಟಾದ ಸೀಟಿನಲ್ಲಿ ತೋಳುಗಳು ತಿರುಗಲು ಜಾಗವಿಲ್ಲದಿರುವುದನ್ನೂ ಸೇರಿಸಿಕೊಳ್ಳಬೇಕು. ನಿಂತ ವಾಹನದ ಕಂಬಿಯ ಮೇಲೆ ಧಾನ್ಯ ಅಥವಾ ಮಣಿಗಳನ್ನು ತುಂಬಿದ ಬೀನ್‌ಬ್ಯಾಗ್ ಇಟ್ಟು ಅದರ ಮೇಲೆ ಲೆನ್ಸ್ ಊರುವ ಹಳೆಯ ಪದ್ಧತಿ, ಲೆನ್ಸ್‌ನೊಳಗಿನ ಗಾಜನ್ನು ಕದಲಿಸಿ ಅಲುಗಾಟ ತಡೆಯುವ ಆಪ್ಟಿಕಲ್ ಸ್ಥಿರೀಕರಣದ ಜೊತೆಗೂಡಿದರೆ, ಇಲ್ಲಿ ಗಿಂಬಲ್‌ಗಿಂತ ಉತ್ತಮ ಫಲ ಕೊಡುತ್ತದೆ. ಫೋನ್, ಕ್ಯಾಮೆರಾ ಮತ್ತು ಉದ್ದ ಲೆನ್ಸ್‌ಗಳ ಬಳಕೆ ಹಾಗೂ ಶುಲ್ಕದ ಬಗ್ಗೆ ಅರಣ್ಯ ಇಲಾಖೆಯ ನಿಯಮಗಳೂ ಇರುವುದರಿಂದ ಟಿಕೆಟ್ ಕೊಳ್ಳುವಾಗಲೇ ಅವನ್ನು ಕೇಳಿ ತಿಳಿಯುವುದು ಮೇಲು.

ಹೊಲ, ಬೆಟ್ಟ, ಜಾತ್ರೆ

ಸಾಧನದ ನಿಜವಾದ ದುಡಿಮೆ ಇರುವುದು ಹಬ್ಬ, ಸಫಾರಿಗಳ ಆಚೆಗಿನ ದಿನನಿತ್ಯದ ಚಿತ್ರೀಕರಣದಲ್ಲಿ. ಹುಣಸೂರು ಮತ್ತು ಪಿರಿಯಾಪಟ್ಟಣದ ವರ್ಜೀನಿಯಾ ತಂಬಾಕನ್ನು ಹದಗೊಳಿಸುವ ಬ್ಯಾರನ್‌ಗಳು ಒಳಗೆ ಕತ್ತಲಾದ, ಎತ್ತರದ, ಇಕ್ಕಟ್ಟಾದ ಕೋಣೆಗಳು; ಕಡ್ಡಿಗಳಿಗೆ ಕಟ್ಟಿದ ಎಲೆಗಳು ಅಂತಸ್ತು ಅಂತಸ್ತಾಗಿ ತೂಗುವ ಆ ಜಾಗಕ್ಕೆ ಅಂಗಳದ ಬಿಸಿಲಿನಿಂದ ಒಂದೇ ಶಾಟ್‌ನಲ್ಲಿ ಪ್ರವೇಶಿಸುವವನಿಗೆ ಎಲ್ಲ ವಸ್ತುಗಳೂ ಒಂದೆರಡು ಮೀಟರಿನೊಳಗೇ ಇರುತ್ತವೆ. ಇಂಥಲ್ಲಿ ಹೆಜ್ಜೆಯ ಏರಿಳಿತ ಪೂರ್ತಿಯಾಗಿ ಎದ್ದು ಕಾಣುವುದರಿಂದ ಮಂಡಿಯನ್ನು ತುಸು ಮಡಿಸಿ, ಹಿಮ್ಮಡಿಯಿಂದ ಬೆರಳತುದಿಗೆ ಪಾದವನ್ನು ಉರುಳಿಸುತ್ತಾ, ತುಂಬಿದ ಬಿಂದಿಗೆ ಹೊತ್ತವರು ನೀರು ತುಳುಕದಂತೆ ನಡೆಯುವ ಹಾಗೆ ನಡೆಯಬೇಕಾಗುತ್ತದೆ. ಸಿಡಿಲು ಮಲ್ಲಿಕಾರ್ಜುನನ ಗುಡಿಯಿರುವ ಬೆಟ್ಟದಪುರದ ಬೆಟ್ಟದ ಮೆಟ್ಟಿಲು ಏರುವಾಗ ಈ ಉಪಾಯವೂ ಸಾಲದು. ಪ್ರತಿ ಮೆಟ್ಟಿಲಿಗೂ ದೇಹವೇ ಏರುವುದರಿಂದ ಅಲ್ಲಿ ನಡೆದು ತೆಗೆದ ಉದ್ದ ಶಾಟ್‌ಗಿಂತ ನಿಂತು ತೆಗೆದ ತುಣುಕುಗಳನ್ನು ಜೋಡಿಸುವುದೇ ಸರಿ. ಕೆ.ಆರ್. ನಗರ ಬಳಿಯ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಜೋಡೆತ್ತುಗಳ ಸಾಲಿನ ನಡುವೆ ಸಾಗಲು ದೊಡ್ಡ ಗಿಂಬಲ್‌ಗಿಂತ ಅಂಗೈಯಲ್ಲಿ ಹಿಡಿಯುವ ಪಾಕೆಟ್ ವರ್ಗದ ಸಾಧನ ಹೆಚ್ಚು ಉಪಯುಕ್ತ, ಏಕೆಂದರೆ ಅದನ್ನು ಕಂಡು ಎತ್ತು ಬೆದರುವ ಸಂಭವವೂ ರೈತ ಮಾತು ನಿಲ್ಲಿಸುವ ಸಂಭವವೂ ಕಡಿಮೆ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದ ವಿಶಾಲ ಪ್ರಾಂಗಣದಂಥ, ವಸ್ತುಗಳು ದೂರದಲ್ಲಿರುವ ಜಾಗದಲ್ಲಿ, ಅನುಮತಿ ಪಡೆದು ಚಿತ್ರಿಸುವವರಿಗೆ ಸಾಮಾನ್ಯ ನಡಿಗೆಯಲ್ಲೇ ತೇಲುವಂಥ ಶಾಟ್‌ಗಳು ದೊರೆಯುತ್ತವೆ.

ಈಚಿನ ಕ್ಯಾಮೆರಾಗಳಲ್ಲೇ ಸ್ಥಿರೀಕರಣ ಅಡಕವಾಗಿರುವಾಗ ಪ್ರತ್ಯೇಕ ಸಾಧನ ಏಕೆ ಎಂಬ ಪ್ರಶ್ನೆ ಸಹಜ. ಕ್ಯಾಮೆರಾದೊಳಗಿನ ಸಂವೇದಕವನ್ನೇ ಕದಲಿಸುವ ವಿಧಾನ ನಿಂತು ತೆಗೆಯುವ ಶಾಟ್‌ಗೆ ಬಹುಮಟ್ಟಿಗೆ ಸಾಕು. ಆದರೆ ಸಂವೇದಕ ಕದಲಬಲ್ಲದ್ದು ಕೆಲವೇ ಮಿಲಿಮೀಟರ್ ಆದ್ದರಿಂದ ನಡಿಗೆಯ ದೊಡ್ಡ ಅಲುಗಾಟಕ್ಕೆ ಅದರ ಮಿತಿ ಬೇಗ ಮುಗಿಯುತ್ತದೆ, ಅಗಲ ಲೆನ್ಸ್‌ನಲ್ಲಿ ಚೌಕಟ್ಟಿನ ಮೂಲೆಗಳು ಜೆಲ್ಲಿಯಂತೆ ಓಲಾಡುತ್ತವೆ. 2018ರ ಗೋಪ್ರೊ ಹೀರೊ 7ರಿಂದ ಜನಪ್ರಿಯವಾದ ಎಲೆಕ್ಟ್ರಾನಿಕ್ ಸ್ಥಿರೀಕರಣವು ಚಿತ್ರದ ಅಂಚುಗಳನ್ನು ಕತ್ತರಿಸಿ, ಉಳಿದ ಭಾಗವನ್ನು ಅಲುಗಾಟಕ್ಕೆ ಎದುರಾಗಿ ಸರಿಸುವ ಲೆಕ್ಕಾಚಾರ. ಬಿಸಿಲಿನಲ್ಲಿ ಅದು ಅಚ್ಚರಿ ಹುಟ್ಟಿಸುವಷ್ಟು ಚೆನ್ನಾಗಿ ಕೆಲಸ ಮಾಡಿದರೂ, ಬೆಳಕು ಕುಂದಿದಾಗ ಪ್ರತಿ ಫ್ರೇಮಿಗೂ ಶಟರ್ ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ, ಆ ಹೊತ್ತಿನಲ್ಲಿ ಆದ ಅಲುಗಾಟ ಚಿತ್ರದೊಳಗೇ ಮಸುಕಾಗಿ ಅಚ್ಚಾಗಿಬಿಡುತ್ತದೆ, ಮತ್ತು ಅನಂತರ ಫ್ರೇಮನ್ನು ಎಷ್ಟು ಸರಿಸಿದರೂ ಆ ಮಸುಕು ಅಳಿಯುವುದಿಲ್ಲ. ಅಲುಗಾಟವನ್ನು ಬೆಳಕು ಸಂವೇದಕಕ್ಕೆ ತಾಗುವ ಮೊದಲೇ ತಡೆಯುವುದು ಗಿಂಬಲ್‌ನ ಹೆಚ್ಚುಗಾರಿಕೆ. ಕಾಡಂಚಿನ ಮುಂಜಾವು ಮುಸ್ಸಂಜೆಗಳು, ಮೋಡ ಮುಸುಕಿದ ಆಗಸ್ಟ್, ಬ್ಯಾರನ್‌ನ ಕತ್ತಲು, ರಾತ್ರಿಯ ತೇರು ಇವೆಲ್ಲವೂ ಮಂದ ಬೆಳಕಿನವೇ ಆದ್ದರಿಂದ ಈ ಭಾಗದಲ್ಲಿ ಆ ಹೆಚ್ಚುಗಾರಿಕೆಗೆ ಬೆಲೆಯಿದೆ.

ಚಲನೆಗೆ ಕಾರಣ ಬೇಕು

ನಯವಾಗಿ ಚಲಿಸಬಲ್ಲ ಸಾಧನ ಕೈಗೆ ಬಂದಾಗ ಪ್ರತಿ ಶಾಟ್‌ನಲ್ಲೂ ಚಲಿಸುವ ಚಟ ಅಂಟಿಕೊಳ್ಳುವುದು ಇದರ ಇನ್ನೊಂದು ಅಪಾಯ. ಕಾಡಾನೆಗಳನ್ನು ಸೆರೆಹಿಡಿಯುತ್ತಿದ್ದ ಕಾಕನಕೋಟೆಯ ಖೆಡ್ಡಾಗಳ ಈ ನೆಲದಲ್ಲಿ ಆನೆಯ ಚಿತ್ರೀಕರಣಕ್ಕೆ ದೀರ್ಘ ಇತಿಹಾಸವಿದೆ: ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೋರ್ಡಾ ನಿರ್ದೇಶಿಸಿ 1937ರಲ್ಲಿ ಬಿಡುಗಡೆಯಾದ ‘ಎಲಿಫೆಂಟ್ ಬಾಯ್’ ಚಿತ್ರದ ಹೊರಾಂಗಣ ದೃಶ್ಯಗಳು ಮೈಸೂರು ಸಂಸ್ಥಾನದಲ್ಲಿ ಚಿತ್ರಿತವಾದವು, ಅದರ ಬಾಲನಟ ಸಾಬು ಹುಟ್ಟಿದ್ದು ಕಬಿನಿ ದಂಡೆಯ ಕಾರಾಪುರದಲ್ಲಿ 1924ರಲ್ಲಿ. ಆ ಕಾಲದ ಭಾರದ ಸಿನಿಮಾ ಕ್ಯಾಮೆರಾಗಳಿಗೆ ಟ್ರೈಪಾಡೇ ಸಹಜ ನೆಲೆಯಾಗಿತ್ತು, ಮತ್ತು ಕದಲದ ಚೌಕಟ್ಟಿನೊಳಗೆ ಆನೆಯೊಂದು ಪ್ರವೇಶಿಸಿ, ಅದನ್ನು ತುಂಬಿ, ದಾಟಿಹೋಗುವಾಗ ನೋಡುಗನಿಗೆ ಅದರ ಗಾತ್ರವೂ ನಿಧಾನವೂ ತಾವಾಗಿ ತಿಳಿಯುತ್ತಿದ್ದವು. ಕ್ಯಾಮೆರಾವೂ ಜೊತೆಗೇ ತೇಲತೊಡಗಿದರೆ ಅಳೆಯಲು ಹಿನ್ನೆಲೆಯೇ ನಿಲ್ಲುವುದಿಲ್ಲ, ಆನೆ ಹಗುರವಾಗಿ ತೋರುತ್ತದೆ. 2020ರಿಂದ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊರುತ್ತ ಬಂದ ದಸರಾ ಆನೆ ಅಭಿಮನ್ಯುವಿನ ಹೆಜ್ಜೆಯ ಭಾರವನ್ನು ತೋರಿಸಬೇಕೆಂದರೆ, ಪಕ್ಕದಲ್ಲಿ ತೇಲುವ ಶಾಟ್‌ಗಳ ನಡುವೆ ನೆಲದ ಮಟ್ಟದಲ್ಲಿ ಅಲುಗದೆ ನಿಂತ ಒಂದಾದರೂ ಶಾಟ್ ಬೇಕೇ ಬೇಕು. ಆನೆಗಳ ಬಳಿ ಸೆಲ್ಫಿ, ರೀಲ್ಸ್‌ಗಳಿಗಾಗಿ ನುಗ್ಗುವವರ ಹಾವಳಿ ಅರಣ್ಯ ಇಲಾಖೆ ನಿರ್ಬಂಧ ಹೇರುವ ಮಟ್ಟಕ್ಕೆ ಬೆಳೆದಿರುವಾಗ, ನಿಂತು ಚಿತ್ರಿಸುವ ಸಂಯಮ ಕಲೆಯ ಜೊತೆಗೆ ನಡವಳಿಕೆಗೂ ಸಂಬಂಧಿಸಿದ್ದು.

ಈ ಎಲ್ಲವನ್ನೂ ತೂಗಿ ನೋಡಿದಾಗ ತೀರ್ಪು ಹೀಗೆ ನಿಲ್ಲುತ್ತದೆ. ಮದುವೆ, ಮೆರವಣಿಗೆ, ಸಾಕ್ಷ್ಯಚಿತ್ರಗಳಿಂದ ಸಂಪಾದನೆ ಇರುವ, ಈಗಾಗಲೇ ಮಿರರ್‌ಲೆಸ್ ಕ್ಯಾಮೆರಾ ಹೊಂದಿರುವವರಿಗೆ ಎರಡು ಕಿಲೋ ಹೊರುವ ಮಿನಿ ವರ್ಗದ ಗಿಂಬಲ್ ಹಾಕಿದ ಹಣಕ್ಕೆ ಮೋಸ ಮಾಡುವುದಿಲ್ಲ. ಅವರು ಬ್ಯಾಲೆನ್ಸ್ ಮತ್ತು ನಡಿಗೆಯ ಅಭ್ಯಾಸಕ್ಕೆ ಕೆಲವು ವಾರ ಮೀಸಲಿಡಬೇಕು. ಒಬ್ಬರೇ ಓಡಾಡಿ ಹಳ್ಳಿಯ ಸುದ್ದಿ, ಕೃಷಿ, ಜಾತ್ರೆಗಳ ವಿಡಿಯೊ ಮಾಡುವವರಿಗೆ ಪಾಕೆಟ್ ವರ್ಗದ ಸಾಧನವೋ ಮೊಬೈಲ್ ಗಿಂಬಲ್ಲೋ ಸಾಕು. ಉಳಿದ ಹಣವನ್ನು ಮೈಕಿಗೆ ಹಾಕಿದರೆ ನೋಡುಗರಿಗೆ ಆಗುವ ಉಪಕಾರ ಇನ್ನೂ ದೊಡ್ಡದು, ಏಕೆಂದರೆ ತುಸು ಅಲುಗಿದ ಚಿತ್ರವನ್ನು ಸಹಿಸುವ ನೋಡುಗ ಕೇಳಿಸದ ಮಾತನ್ನು ಸಹಿಸಲಾರ. ವನ್ಯಜೀವಿಗಳೇ ಗುರಿಯಾಗಿರುವವರು ಗಿಂಬಲ್‌ನ ಆಸೆ ಬಿಟ್ಟು ಒಳ್ಳೆಯ ಲೆನ್ಸ್ ಮತ್ತು ಬೀನ್‌ಬ್ಯಾಗ್ ಕೊಳ್ಳುವುದು ವಿವೇಕ. ವರ್ಷಕ್ಕೊಮ್ಮೆ ಗಜಪಯಣಕ್ಕೆ ಮಾತ್ರ ಬೇಕೆನ್ನುವವರು ಬಾಡಿಗೆಗೆ ತರುವುದು ಲೇಸು, ಆದರೆ ತಂದ ದಿನವೇ ಆನೆಯೆದುರು ನಿಲ್ಲದೆ ಹಿಂದಿನ ದಿನವೇ ಸ್ವಂತ ಕ್ಯಾಮೆರಾ ಏರಿಸಿ ಬ್ಯಾಲೆನ್ಸ್ ಮುಗಿಸಿಕೊಂಡಿರಬೇಕು.